ಶೇಖರಮ್ಮನ ಎಡಗೈ

ಮಸ್ಕಿಯ ಅಂಬಪ್ಪನ ಹೆಸರೆತ್ತಿದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಸಿಂಧನೂರಿನಲ್ಲಿ ನನ್ನ ಬಟ್ಟೆ ಅಂಗಡಿಯ ಪಕ್ಕದಲ್ಲೇ ಅಮರಗುಂಡಪ್ಪನ ಟೈಪಿಂಗ್ ಶಾಲೆ. ತೊಂಬತ್ತರ ದಶಕದಲ್ಲಿ ಅವನು ಒಂದು ಕಂಪ್ಯೂಟರ್ ತಂದ. ಮಗಳು ಶೇಖರಮ್ಮನಿಗೆ ಎಳವೆಯಲ್ಲೇ ಪೋಲಿಯೊ ಬಂದು ಬಲಗೈ ಬಿದ್ದುಹೋಗಿತ್ತು. ಕೀಲಿಮಣೆ ಬಿಟ್ಟು ಮೌಸ್ ಹಿಡಿ, ಮೌಸ್ ಬಿಟ್ಟು ಕೀಲಿಮಣೆ ಹಿಡಿ, ಎಲ್ಲವೂ ಎಡಗೈ ಒಂದರಲ್ಲೇ. ಬೇಸತ್ತವಳು ಹಟ ಹಿಡಿದು ಕೂತು, ಮೌಸ್ ಮುಟ್ಟದೆ ಅಂಕಿಯ ಕೀಲಿ ಒತ್ತಿದರೇ ಪರದೆಯ ಬಾಣ ಓಡಾಡುವಂತೆ ಪ್ರೋಗ್ರಾಂ ಬರೆದಳು. ಆಮೇಲೆ ಅವಳ ಕೆಲಸ ನೋಡಬೇಕಿತ್ತು ನೀವು.

ಆಯುಧ ಪೂಜೆಗೆ ಅಂಬಪ್ಪ ಬಂದಿದ್ದ. ಅದೇ ಶಾಲೆಯಲ್ಲಿ ಕಲಿತು ಮಸ್ಕಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು. ಆ ಪ್ರೋಗ್ರಾಂ ಬೇಕೆಂದ. ಪೂಜೆಯ ದಿನ ಎಡಗೈಲಿ ಏನೂ ಕೊಡಬಾರದಲ್ಲ, ಶೇಖರಮ್ಮ ಹಿಂದೆ ನಿಂತಳು. ಪ್ರಸಾದದ ಕೊಬ್ಬರಿ-ಸಕ್ಕರೆಯ ಜೊತೆ ಪ್ರೋಗ್ರಾಂ ಇದ್ದ ಫ್ಲಾಪಿಯನ್ನೂ ಅಪ್ಪನೇ ಕೊಟ್ಟ.

ಮುಂದೆ ಹೈದರಾಬಾದಿನ ಒಂದು ಕಂಪನಿಯಿಂದ ನೋಟಿಸು ಬಂತು. ಕೀಲಿಯಿಂದ ಬಾಣ ಆಡಿಸುವ ವಿದ್ಯೆ ತಮ್ಮದು, ಪೇಟೆಂಟಿಗೆ ಹಾಕಿದ್ದೇವೆ, ನೀವು ಬಳಸಕೂಡದು! ಬರೆದವಳಿಗೇ ಬಂದ ನೋಟಿಸದು. ಲಿಂಗಸುಗೂರಿನ ವಕೀಲ ಮಸ್ತಾನಸಾಬರ ಹತ್ತಿರ ಓಡಿದೆವು. ಬರೆದವಳು ಇವಳೇ ಎಂದು ನಾನೇ ಸಾಕ್ಷಿ ಹೇಳುತ್ತೇನೆ ಎಂದೆ.

"ನಿಮಗ ಕಂಪ್ಯೂಟರ್ ಬರ್ತೈತೇನ್ರಿ? ಅದನ್ನ ನಡೆಸಿ ನೋಡಿದಾಂವ ಹೇಳ್ಬೇಕು" ಎಂದರು ವಕೀಲರು. ನನಗೆ ಬರುವುದು ಸೀರೆಯ ಅಂಚು ನೋಡುವುದು.

"ಅಂಬಪ್ಪ ಹೇಳ್ತಾನ ಬಿಡ್ರಿ. ನನ್ನ ಕೈಯಾಗ ಕಲ್ತಾಂವ" ಎಂದ ಅಮರಗುಂಡಪ್ಪ.

ಅಂಬಪ್ಪ ಬಂದ, ವಕೀಲರೆದುರು ಕೂತ. "ಕಾಕಾ ಏನೋ ಕೊಟ್ಟಿದ್ರು, ಖರೇ ರೀ. ಆದ್ರ ಆಕಿ ಕೈಲೆ ನಾ ಏನೂ ಇಸ್ಕೊಂಡಿಲ್ಲ. ಯಾರು ಬರ್ದಿದ್ದೋ ನನಗೇನ್ ಗೊತ್ತು?"

ಮೊದಲ ಎರಡು ಮಾತು ಸುಳ್ಳೆನ್ನುವಂತಿರಲಿಲ್ಲ. ಅದೇ ನನ್ನನ್ನು ಸುಡುವುದು. ಆ ಫ್ಲಾಪಿ ಅವನಿಂದಲೇ ಕಂಪನಿಗೆ ಹೋದದ್ದು, ಅದಕ್ಕೇ ಅದರ ಏಜೆನ್ಸಿ ಅವನಿಗೆ ಸಿಕ್ಕಿದ್ದು ಆಮೇಲೆ ತಿಳಿಯಿತು. ಅಮರಗುಂಡಪ್ಪ ಹೆದರಿ ಪ್ರೋಗ್ರಾಂ ಅಳಿಸಿದ. ಶೇಖರಮ್ಮ ಮತ್ತೆ ಮೌಸ್ ಹಿಡಿದಳು.

ಮರುವರ್ಷದ ಪೂಜೆಗೂ ಆ ನಾಚಿಕೆಗೆಟ್ಟವನು ಬಂದ. ಅಪ್ಪ ತಟ್ಟೆ ಎತ್ತುವಷ್ಟರಲ್ಲಿ ಶೇಖರಮ್ಮ ಮುಂದೆ ಬಂದು, ಎಡಗೈಯಲ್ಲೇ ಕೊಬ್ಬರಿ-ಸಕ್ಕರೆ ಚಾಚಿದಳು.

"ತಗೋ ಅಣ್ಣಾ. ಈ ಸಲ ನನ್ನ ಕೈಲೇ ಕೊಡಾಕತ್ತೀನಿ."

ಶಾಲೆಯ ತುಂಬ ಜನ ನೋಡುತ್ತಿದ್ದರು. ಅಂಬಪ್ಪನ ಕೈ ಮೇಲೇಳಲಿಲ್ಲ. ಅವಳು ಅದನ್ನು ಮತ್ತೆ ತಟ್ಟೆಗೆ ಹಾಕಿ, ಕೈ ಒರೆಸಿಕೊಂಡು, ಮೌಸ್ ಹಿಡಿದು ಕೂತಳು.