ಸೀಸನ್ ಮುಗಿದ ಮೇಲೆ

ಈ ಜನವರಿಯಲ್ಲಿ ಮುಂಬೈಗೆ ಬಂದಾಗ ಲಾಡ್ಜಿನ ಲಿಫ್ಟಿನೊಳಗೆ ಒಣಮೀನಿನ ವಾಸನೆ ಬಂತು. ಯಾರದೋ ಚೀಲದಲ್ಲಿ ಇದ್ದಿರಬೇಕು. ಜೊತೆಗಿದ್ದ ಇಬ್ಬರು ಮೂಗು ಮುಚ್ಚಿಕೊಂಡರು. ನಾನು ನನ್ನ ಮಹಡಿ ಬಂದರೂ ಇಳಿಯದೆ ಇನ್ನೆರಡು ಮಹಡಿ ಮೇಲೆ ಹೋದೆ. ಎಷ್ಟೋ ವರ್ಷ ಹಿತ್ತಲ ಕಡೆಯಿಂದ ಅದೇ ವಾಸನೆ ನಮ್ಮ ಮನೆಯೊಳಗೆ ಬರುತ್ತಿತ್ತು. ನಮ್ಮ ಪಕ್ಕದ ಮನೆಯ ಅಕ್ಕ ಮೀನು ಒಣಗಿಸುತ್ತಿದ್ದಳು...

ಗಂಗೊಳ್ಳಿಯ ಐಸ್ ಪ್ಲಾಂಟ್ ಒಂದರಲ್ಲಿ ಮೆಷಿನ್ ನೋಡಿಕೊಳ್ಳುವವನು ನಾನು. ಬಿಡಿಭಾಗ ಕೊಳ್ಳಲು ಪ್ರತಿ ಜನವರಿ ಮುಂಬೈಗೆ ಬರುತ್ತೇನೆ. ಹೊಸ ವರ್ಷದ ಗದ್ದಲ ಮುಗಿದ ಮೇಲೆ ರೂಮು ಅಗ್ಗ, ಅದಕ್ಕೇ. ಅಂಗಡಿಗಳ ಎದುರು ಕ್ರಿಸ್‌ಮಸ್ಸಿನ ನಕ್ಷತ್ರಗಳು ಬಣ್ಣ ಕಳೆದುಕೊಂಡು ನೇತಾಡುತ್ತಿರುತ್ತವೆ. ಇಷ್ಟೇ ಇಷ್ಟು ಚಳಿಗೆ ಜನ ಕುಲಾವಿ ಹಾಕಿಕೊಂಡು ನಡೆಯುತ್ತಾರೆ. ನೋಡಿದರೆ ನಗು ಬರುತ್ತದೆ, ನಗುವುದಿಲ್ಲ, ಪರವೂರು.

ಅಕ್ಕ ನಮಗೆ ಸಂಬಂಧಿಯೇನಲ್ಲ. ಬಂದರಿನಲ್ಲಿ ಮೀನು ಕೊಂಡು ಮಾರುವವಳು, ಉಳಿದದ್ದನ್ನು ಉಪ್ಪು ಹಾಕಿ ಒಣಗಿಸುವವಳು. ಐಸಿಗೆ ದಿನಾ ಬರುತ್ತಿದ್ದಳು. ಅವಳು ಕೂಗಿದರೆ ನಮ್ಮ ಮೆಷಿನ್ ಸದ್ದೂ ಕೇಳುತ್ತಿರಲಿಲ್ಲ. ನನ್ನನ್ನು ತಮ್ಮ ಎನ್ನುತ್ತಿದ್ದಳು. ಹಟ ಹಿಡಿದರೆ ಮಾತ್ರ ಉಡದ ಹಿಡಿತ.

ಅವಳ ಒಡಹುಟ್ಟಿದ ಅಣ್ಣ ಒಬ್ಬ ಮುಂಬೈಯಲ್ಲಿದ್ದ. ಸಣ್ಣ ಪ್ರಾಯದಲ್ಲಿ ಹೋದವನು. ಹೋಟೆಲಿನಲ್ಲಿ ಲೋಟ ತೊಳೆದು, ಕಡೆಗೆ ಅದೇ ಹೋಟೆಲಿನ ಗಲ್ಲಾದಲ್ಲಿ ಕೂತ. ಅವನ ಮಗಳ ಮದುವೆಗೆ ಅಕ್ಕನನ್ನು ಕರೆದದ್ದು ಫೋನಿನಲ್ಲಿ. ಮನೆಗೆ ಬಂದು ಕರೆಯಲಿಲ್ಲ, ಆಳು ಕಳಿಸಿಯೂ ಕರೆಯಲಿಲ್ಲ.

"ಫೋನಂಗ್ ಕರ್ದ್ ಮದಿಗೆ ನಾ ಹೋತಿಲ್ಲೆ" ಎಂದಳು. ಹೋಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ... ಅಣ್ಣತಂಗಿ ಮಾತು ಬಿಟ್ಟರು. ವರ್ಷಗಳೇ ಹೋದವು. ಅಷ್ಟರಲ್ಲಿ ಅತ್ತಿಗೆ ತೀರಿಕೊಂಡಳು, ಆ ಮಗಳು ಗಂಡನ ಜೊತೆ ದುಬೈಗೆ ಹೋದಳು. ಅಣ್ಣ ಅಲ್ಲಿ ಒಬ್ಬನೇ ಉಳಿದ.

ಒಂದು ದೀಪಾವಳಿಗೆ ಹೆಮ್ಮಾಡಿಯ ಒಬ್ಬರು ಮುಂಬೈಯಿಂದ ಊರಿಗೆ ಬಂದವರು ಅಕ್ಕನ ಮನೆಗೆ ಹೋಗಿ ಒಂದು ಮಾತು ಹೇಳಿದರು. ಅಣ್ಣ ಹೇಳಿ ಕಳಿಸಿದ ಮಾತು: "ಸೀಸನ್ ಮುಗುದ್ ಮೇಲೆ ತಂಗಿಗೆ ಒಂದ್ಸಲ ಬಪ್ಪುಕೆ ಹೇಳಿ."

ಈ ಸಲ ಆಳು ಕಳಿಸಿ ಕರೆದಿದ್ದಾನೆ! ಅಕ್ಕನ ಸಿಟ್ಟೆಲ್ಲ ಆ ಹೊತ್ತಿಗೇ ಇಳಿದುಹೋಯಿತು. ಐಸಿಗೆ ಬಂದಾಗಲೆಲ್ಲ ಅದೇ ಸುದ್ದಿ. ಒಳ್ಳೆಯ ಮೀನು ಬಂದರೆ ಅಣ್ಣನಿಗೆಂದು ಬೇರೆ ಒಣಗಿಸಿ ಎತ್ತಿಡುತ್ತಿದ್ದಳು. ಫೋನ್ ಮಾಡಿ ಎಂದರೆ ಒಪ್ಪಲಿಲ್ಲ. ಜಗಳ ಹುಟ್ಟಿದ್ದೇ ಫೋನಿನಿಂದ, ಇನ್ನು ಮುಖ ನೋಡಿಯೇ ಮಾತು ಎಂದಳು. ಜನವರಿ ಬಂತು, ಹೋಯಿತು. "ಬೋಟ್ ಎಲ್ಲ ಮೇಲ್ ಬರ್ಲಿ ತಮ್ಮ, ಮರುದಿನವೇ ಹೋತೆ" ಎನ್ನುತ್ತಿದ್ದಳು. ನಮಗೆ ಸೀಸನ್ ಎಂದರೆ ಮೀನುಗಾರಿಕೆ; ಅದು ಮುಗಿಯುವುದು ಮೇ ಕಡೆಗೆ, ಬೋಟುಗಳನ್ನು ದಡಕ್ಕೆ ಎಳೆದಾಗ. ಇದನ್ನು ಗಂಗೊಳ್ಳಿಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ಏಪ್ರಿಲಿನಲ್ಲಿ ಅಣ್ಣ ಎದೆನೋವಿನಿಂದ ತೀರಿಕೊಂಡ. ಸುದ್ದಿ ಬರುವಾಗ ಅಲ್ಲಿ ಎಲ್ಲ ಮುಗಿದಿತ್ತು. ಅಕ್ಕ ನಮ್ಮೆದುರು ಅಳಲಿಲ್ಲ. ಮರುದಿನವೂ ಬುಟ್ಟಿ ಹಿಡಿದು ಬಂದಳು, ಐಸು ತೂಕದಲ್ಲಿ ಕಡಿಮೆ ಎಂದು ಜಗಳವಾಡಿದಳು.

ಮುಂದಿನ ಜನವರಿ ನಾನು ಹೊರಡುವಾಗ ಅಕ್ಕ ಕೇಳಿದಳು: "ನಾನೂ ಬತ್ತೆ ತಮ್ಮ. ಅಣ್ಣ ಇದ್ದ ಜಾಗ ಒಂದ್ಸಲ ಕಾಣ್ಕ್." ಮೀನಿನ ಭರದ ಹೊತ್ತಿನಲ್ಲಿ ಅವಳು ಬುಟ್ಟಿ ಇಟ್ಟದ್ದು ನಾನು ಕಂಡಂತೆ ಅದೊಂದೇ ಸಲ. ಕುಂದಾಪುರದಲ್ಲಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು.

ಅಣ್ಣ ದುಡಿದ ಹೋಟೆಲು ಖಾಲಿಯಾಗಿತ್ತು. ಮೇಜುಗಳ ಮೇಲೆ ಕುರ್ಚಿ ಕವುಚಿಟ್ಟು ನೆಲ ಒರೆಸುತ್ತಿದ್ದರು. ಗಲ್ಲಾದಲ್ಲಿದ್ದವರು ಬೈಂದೂರಿನ ಕಡೆಯವರು, ಅಣ್ಣನ ಜೊತೆ ಬಹಳ ವರ್ಷ ಕೆಲಸ ಮಾಡಿದವರು. ಅಕ್ಕ ಯಾರೆಂದು ಗೊತ್ತಾದ ಕೂಡಲೇ ಎದ್ದು ನಿಂತರು.

"ನೀವಾ ಅವ್ರ್ ತಂಗಿ? ಹ್ವಾದ್ ವರ್ಷ ಇದೇ ಹೊತ್ತಿಗೆ ಅವ್ರ್ ರಜೆ ಮಾಡಿ ಕಾದ್ರ್. 'ಸೀಸನ್ ಮುಗಿತ್, ಇನ್ ತಂಗಿ ಬತ್ಲ್' ಅಂತಿದ್ರ್. ಕಡಿಗೆ, 'ಅವ್ಳಿಗೆ ಇನ್ನೂ ಸಿಟ್ಟ್ ಇಳಿಲಿಲ್ಲ' ಅಂದ್ ತಿರ್ಗಿ ಗಲ್ಲಾದಂಗ್ ಬಂದ್ ಕೂತ್ರ್."

"ಜನವರಿಯಂಗ್ ಎಂತ ಸೀಸನ್ ಮುಗುದ್?" ಅಕ್ಕ ಕೇಳಿದಳು.

ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಕೂರಲು ಜಾಗ ಇರುವುದಿಲ್ಲ, ಅದೇ ನಮ್ಮ ಸೀಸನ್ ಎಂದು ಅವರು ಹೇಳಿದರು. ಪಾಪ, ಅವರಿಗೇನು ಗೊತ್ತು.

ಅಕ್ಕ ಸತ್ತ ಅಣ್ಣನನ್ನು ಆ ಖಾಲಿ ಹೋಟೆಲಿನಲ್ಲಿ ನಿಂತು ಗಟ್ಟಿಯಾಗಿ ಬೈದಳು. "ಗಂಗೊಳ್ಳಿಯಂಗ್ ಹುಟ್ಟಿದವ! ಸೀಸನ್ ಅಂದ್ರ್ ಎಂತ ಅಂದೇಳಿ ಮರ್ತೇ ಹೋಯ್ತಾ ಅವ್ನಿಗೆ?" ನೆಲ ಒರೆಸುತ್ತಿದ್ದವರು ಕೈ ನಿಲ್ಲಿಸಿದರು. ಏಪ್ರಿಲಿನಲ್ಲಿ ಅಳದಿದ್ದವಳು ಅಲ್ಲಿ ಅತ್ತಳು. ನನಗೆ ಏನು ಮಾಡಬೇಕೆಂದು ತಿಳಿಯದೆ ಎರಡು ಚಹಾ ಹೇಳಿದೆ.

ಊರಿಗೆ ಬಂದ ಮೇಲೆ ಅವಳು ಮೊದಲಿನಂತೆಯೇ ದುಡಿದಳು, ಮೊದಲಿನಂತೆಯೇ ಕೂಗಾಡಿದಳು. ಒಂದು ಮಾತ್ರ ಹೊಸದು. ಐಸು ತುಂಬಿಸಿಕೊಳ್ಳುತ್ತ ಇದ್ದಕ್ಕಿದ್ದಂತೆ ಹೇಳುತ್ತಿದ್ದಳು: "ನಂಗ್ ಸಿಟ್ಟ್ ಇರ್ಲಿಲ್ಲ ತಮ್ಮ." ಗೊತ್ತು ಅಕ್ಕ, ಎನ್ನುತ್ತಿದ್ದೆ. ನನಗೆ ಹೇಳಿದಳು, ಬಂದರಿನ ಹೆಂಗಸರಿಗೆ ಹೇಳಿದಳು, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದಾಳಂತೆ...

ಹೋದ ಮಳೆಗಾಲದಲ್ಲಿ ಅವಳೂ ಹೋದಳು. ಜ್ವರ ಅಂತ ಮಲಗಿದವಳು ಏಳಲಿಲ್ಲ. ಪ್ರಾಯವಾಗಿತ್ತು, ಯಾರೂ ಆಶ್ಚರ್ಯಪಡಲಿಲ್ಲ, ನಾನೂ ಪಡಲಿಲ್ಲ. ಈ ಸಲ ಇಲ್ಲಿ ಬಿಡಿಭಾಗ ಸಿಕ್ಕ ಮೇಲೂ ಊರಿಗೆ ಹೊರಡಲು ಯಾಕೋ ಮನಸ್ಸು ಬರುತ್ತಿಲ್ಲ. ಸಿಟ್ಟಿರಲಿಲ್ಲ ಎಂದು ಅವಳು ಹೇಳಬೇಕಾಗಿದ್ದದ್ದು ಒಬ್ಬನಿಗೆ. ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಹೇಳಿ ಹೋದಳು.