ಆರರ ಕಟ್ಟು

ಮಕ್ಕಳು ಅವಳನ್ನು ಪೆನ್ಸಿಲ್ ಟೀಚರ್ ಅನ್ನುತ್ತಿದ್ದರು. ಶಾಲೆಗೆ ಬರುವ ಮುಂಚೆ ಒಂಬತ್ತು ವರ್ಷ ಪೆನ್ಸಿಲ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡಿದವಳು. ಹನ್ನೊಂದು ವರ್ಷದಿಂದ ಇಲ್ಲಿ ತಾತ್ಕಾಲಿಕ. ಈವತ್ತು ಪರೀಕ್ಷಕರು ಅವಳ ಪಾಠ ನೋಡುತ್ತಾರೆ. ಒಪ್ಪಿದರೆ ಕೆಲಸ ಖಾಯಂ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಬೆಳಿಗ್ಗೆಯಿಂದ ಅದೇ ಹೆದರಿಕೆ. "ನಿಂಗೆ ಬರದ ಲೆಕ್ಕಾನಾ?" ಎಂದ ಗಂಡನ ಮೇಲೂ ಸಿಡುಕಿ ಬಂದಿದ್ದಳು.

ಪಾಠ ಐದರ ಲೆಕ್ಕದ್ದು. ಹತ್ತಕ್ಕೆ ಕಾಯಬೇಕಿಲ್ಲ, ಐದು ಕಡ್ಡಿಯಾದರೆ ಒಂದು ಕಟ್ಟು. ಗುಣಾಕಾರ ಸಲೀಸಾಗಿ ಮುಗಿಯಿತು. ನಾಲ್ಕು ಕಡ್ಡಿಯನ್ನು ಮೂರು ಸಲ ಇಟ್ಟು ಮಕ್ಕಳೇ ಕಟ್ಟಿದರು: ಎರಡು ಕಟ್ಟು, ಎರಡು ಬಿಡಿ. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ತಲೆಯಾಡಿಸಿದರು.

ಭಾಗಾಕಾರಕ್ಕೆ ಅವಳು ಮನೆಯಲ್ಲೇ ಕಟ್ಟಿ ತಂದ ಕಟ್ಟುಗಳನ್ನು ತೆಗೆದಳು. ಎರಡು ಕಟ್ಟು, ಎರಡು ಬಿಡಿ, ಮೇಜಿನ ಬಳಿ ಕರೆದ ಮೂವರು ಮಕ್ಕಳು ಬಿಚ್ಚಿ ಹಂಚಿಕೊಳ್ಳಬೇಕು. ತಲೆಗೆ ನಾಲ್ಕು ಬರಬೇಕು, ಏನೂ ಉಳಿಯಬಾರದು.

"ಟೀಚರ್, ಎರಡು ಮಿಕ್ತು," ಅವರಲ್ಲೊಬ್ಬ ಪಿಸುಗುಟ್ಟಿದ.

ಅವಳು ತಟ್ಟನೆ ಮಿಕ್ಕ ಕಡ್ಡಿಗಳ ಮೇಲೆ ಅಂಗೈ ಇಟ್ಟಳು. ಬೆಂಚಿನಿಂದ ಇದು ಕಾಣುವುದಿಲ್ಲ. ಮುಷ್ಟಿ ಹಿಡಿದರೆ ಮುಗಿಯಿತು, ಹನ್ನೊಂದು ವರ್ಷ ಉಳಿಯುತ್ತದೆ. ಆದರೆ ಮೂರು ಜೊತೆ ಕಣ್ಣು ಅವಳ ಕೈಯನ್ನೇ ನೋಡುತ್ತಿದ್ದವು. ನಾಚಿಕೆಯಾಯಿತು.

"ತಪ್ಪು ನಂದೇ ಇರ್ಬೇಕು. ನಾನು ತಂದಿರೋ ಬೇರೆ ಕಟ್ಟುಗಳನ್ನೂ ಬಿಚ್ಚಿ ಎಣಿಸಿ," ಎಂದಳು.

ಒಂದೊಂದರಲ್ಲೂ ಆರಾರು.

ಮುಂದಿನ ಸಾಲಿನ ಹುಡುಗಿ ಎದ್ದಳು. "ಹಾಗಾದ್ರೆ ಇದು ಆರರ ಲೆಕ್ಕ ಟೀಚರ್! ಬಿಡಿ ಎರಡೂ ತೆಗೆದುಬಿಡಿ. ಬರೀ ಎರಡು ಕಟ್ಟು, ಮೂವರಿಗೆ ನಾಲ್ಕು ನಾಲ್ಕು."

ಪರೀಕ್ಷಕರು ಎದ್ದು ಮೇಜಿನ ಬಳಿ ಬಂದರು. "ಬೇಕಂತಲೇ ಆರು ಕಟ್ಟಿದ್ರಾ?"

ಹೌದು ಅಂದರೆ ಸಾಕಿತ್ತು. ನಾಲಿಗೆ ತುದಿಗೂ ಬಂತು.

"ಇಲ್ಲ ಸರ್. ಕಾರ್ಖಾನೇಲಿ ಆರಾರೇ ಕಟ್ತಿದ್ದೆ. ಹೆದರಿಕೇಲಿ ಕೈ ತನ್ನ ಪಾಡಿಗೆ ತಾನು ಕಟ್ಟಿಬಿಟ್ಟಿದೆ."

ಅವರು ಏನೂ ಬರೆಯಲಿಲ್ಲ. "ಸರಿ. ಈಗ ಏಳರದ್ದು ಮಾಡಿ ತೋರಿಸಿ."

ಅವಳು ಕಡ್ಡಿ ಎತ್ತಿಕೊಂಡು ಗಟ್ಟಿಯಾಗಿ ಎಣಿಸತೊಡಗಿದಳು, ಮಕ್ಕಳೂ ದನಿಗೂಡಿಸಿದರು. ಆರಕ್ಕೆ ಬೆರಳು ತಾನಾಗಿಯೇ ರಬ್ಬರ್ ಬ್ಯಾಂಡಿಗೆ ಹೋಯಿತು. ಹುಡುಗಿ ಓಡಿಬಂದು ಇನ್ನೊಂದು ಕಡ್ಡಿಯನ್ನು ಅವಳ ಕೈಗಿಟ್ಟಳು.

"ಏಳು!" ಎಂದಿತು ಇಡೀ ತರಗತಿ. ಆ ಗದ್ದಲದಲ್ಲಿ ಪರೀಕ್ಷಕರು ತಮ್ಮ ವರದಿಯಲ್ಲಿ 'ಖಾಯಂ' ಎಂಬುದರ ಎದುರು ಸಹಿ ಹಾಕಿದ್ದನ್ನು ಅವಳು ನೋಡಲೇ ಇಲ್ಲ. ಎರಡನೇ ಕಟ್ಟನ್ನು ಮತ್ತೆ ಒಂದರಿಂದ ಎಣಿಸುತ್ತಿದ್ದಳು.