ಒಂದು ಮೊಳ ಒಳಗೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಕೈತೊಳೆಯಲು ಹೋಗುವವನು. ನನ್ನದು ಮೆಕ್ಯಾನಿಕ್ ಕೆಲಸ. ಇಂಜಿನ್ ತಾನಾಗಿ ಸ್ಟಾರ್ಟ್ ಆಯಿತೆಂದರೆ ವೈರಿಂಗ್ ನೋಡಬೇಕೇ ಹೊರತು ಆಕಾಶವನ್ನಲ್ಲ ಎಂದು ನಂಬಿದ್ದೆ. ಈಗಲೂ ಹೆಚ್ಚುಕಡಿಮೆ ಹಾಗೆಯೇ ನಂಬುತ್ತೇನೆ. ಆದ್ದರಿಂದ ನಾನು ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು ಎಂಬುದನ್ನು ಬೆರೆಸದೆ ಬರೆಯುತ್ತೇನೆ.

ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ನಮ್ಮ ವರ್ಕ್‌ಶಾಪ್ ಇದೆ. ಒಮಾನಿನಲ್ಲಿ ಹಿಮ ತೆಗೆಯುವ ಟ್ರ್ಯಾಕ್ಟರ್ ಸಿದ್ಧಮಾಡುತ್ತೇನೆ ಎಂದರೆ ಊರಿನವರು ನಗುತ್ತಾರೆ. ಆದರೆ ಬೆಟ್ಟದ ನೆತ್ತಿಯಲ್ಲಿ ಚಳಿಗಾಲಕ್ಕೆ ನೀರು ಹೆಪ್ಪುಗಟ್ಟುತ್ತದೆ. ಅಪರೂಪಕ್ಕೆ ಹಿಮ ಬೀಳುತ್ತದೆ. ಆಲಿಕಲ್ಲು ಬಿದ್ದರಂತೂ ದಾರಿ ಉಪ್ಪಿನ ರಾಶಿಯಂತಾಗುತ್ತದೆ. ಅಲ್ಲಿ ಸಾಲಿಂ ಎಂಬವರ ದಾಳಿಂಬೆ ತೋಟ. ಮನೆಯಿಂದ ಡಾಮರು ರಸ್ತೆಗೆ ಒಂದು ಕಿಲೋಮೀಟರಿನಷ್ಟು ಮಣ್ಣಿನ ದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅವರ ತಾಯಿಗೆ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕೆಳಗಿನ ಆಸ್ಪತ್ರೆಗೆ ಹೋಗಲೇಬೇಕು. ಹೀಗಾಗಿ ಪ್ರತಿ ಚಳಿಗಾಲಕ್ಕೆ ಮುಂಚೆ ಆ ಟ್ರ್ಯಾಕ್ಟರನ್ನೂ ದಾರಿಯನ್ನೂ ಸಿದ್ಧಮಾಡಿ ಕೊಡುವುದು ನಮ್ಮ ಕೆಲಸ.

ಬಹಳ ವರ್ಷ ಅದನ್ನು ಮಾಡಿದವರು ಸುಂದರಣ್ಣ, ಕಾರ್ಕಳದ ಕಡೆಯವರು. ನನಗೆ ಸ್ಪಾನರ್ ಹಿಡಿಯಲು ಕಲಿಸಿದವರು. ಮರೆವಿನ ಕಾಯಿಲೆ ಶುರುವಾಗಿ ಊರಿಗೆ ಹೋದರು. ಆ ವರ್ಷ ವರ್ಕ್‌ಶಾಪಿನವರು ಮೊದಲ ಬಾರಿಗೆ ನನ್ನೊಬ್ಬನನ್ನೇ ಕಳಿಸಿದರು. ತೋಟದ ಕೆಲಸಗಾರ ರಜೆಯಲ್ಲಿದ್ದ. ಇದ್ದದ್ದು ತಾಯಿ, ಮಗ, ನಾನು, ಮೂವರೇ.

ಬೆಳಿಗ್ಗೆ ರೇಡಿಯೇಟರ್ ಖಾಲಿಮಾಡಿ ಹೆಪ್ಪುಗಟ್ಟದ ಕೂಲಂಟ್ ತುಂಬಿದೆ. ಬ್ಯಾಟರಿ ಬದಲಿಸಿದೆ. ಟ್ಯಾಂಕಿನಲ್ಲಿ ನೀರಿನ ಪಸೆ ಕೂರದಂತೆ ಡೀಸೆಲ್ ಕಂಠದವರೆಗೆ ತುಂಬಿಸಿದೆ. ಮುಂದಿನ ಬ್ಲೇಡಿನ ಸವೆದ ಬೋಲ್ಟುಗಳನ್ನು ತೆಗೆದು ಹೊಸತು ಹಾಕಿದೆ. ನೀರಿನ ಪೈಪುಗಳಿಗೆ ಗೋಣಿ ಸುತ್ತಿ, ಬ್ಲೇಡಿಗೆ ಸಿಗಬಹುದಾದ ಕಲ್ಲುಗಳನ್ನು ದಾರಿಯಿಂದ ಆಯ್ದೆ. ತಾಯಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ನನ್ನನ್ನೇ ನೋಡುತ್ತಿದ್ದರು.

"ಈ ಹುಡುಗ ಹಿಮ ನೋಡಿದ್ದಾನೆಯೇ, ಕೇಳು" ಎಂದರು ಮಗನಿಗೆ.

"ಫ್ರಿಜ್‌ನಲ್ಲಿ ನೋಡಿದ್ದೇನೆ ಉಮ್ಮಿ" ಎಂದೆ. ಅವರ ಮಗ ಕರೆಯುವಂತೆ ನಾನೂ ಉಮ್ಮಿ ಎಂದೇ ಕರೆಯುತ್ತಿದ್ದೆ.

"ಸುಂದರ್ ಕೂಡ ಮೊದಲ ವರ್ಷ ಇದನ್ನೇ ಹೇಳಿದ್ದ. ಸುಳ್ಳು ಹೇಳುವುದನ್ನೂ ಅವನೇ ಕಲಿಸಿದನೇನು?" ಎಂದು ನಕ್ಕರು.

ಉಳಿದದ್ದು ಸಲಾಕೆ ಹೊಡೆಯುವುದು. ದಾರಿ ಬೆಳ್ಳಗಾಗಿ ಅಂಚು ಕಾಣದೆ ಹೋದಾಗ ಡ್ರೈವರಿಗೆ ಗುರುತಾಗಲೆಂದು ಪ್ರಪಾತದ ಬದಿಗೆ ಉದ್ದಕ್ಕೂ ಕಬ್ಬಿಣದ ಸಲಾಕೆ ನೆಟ್ಟು ಕೆಂಪು ಪಟ್ಟಿ ಸುತ್ತಬೇಕು. ಎಲ್ಲಿ ನೆಡಬೇಕೆಂದು ಕೇಳಲು ಸುಂದರಣ್ಣನಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಹೆಂಡತಿ ಗಿರಿಜಕ್ಕ.

"ಅವರಿಗೆ ಈಗ ನನ್ನ ಗುರುತೇ ಇಲ್ಲ ಮಾರಾಯ. ನೀನು ಸಲಾಕೆ ಕೇಳ್ತಿ. ಇಕಾ, ಕೊಡ್ತೇನೆ, ಮಾತಾಡು."

ನಾನು ಮೂರು ಸಲ ಕೇಳಿದೆ. ಆ ಕಡೆ ಉಸಿರು ಮಾತ್ರ ಕೇಳಿಸುತ್ತಿತ್ತು. ಕೊನೆಗೆ ಗಿರಿಜಕ್ಕನೇ ಫೋನ್ ತೆಗೆದುಕೊಂಡು, "ಬಿಡು, ಅವರು ತಲೆ ಆಡಿಸ್ತಾ ಇದ್ದಾರೆ, ಅಷ್ಟೇ" ಎಂದರು.

ನಾನು ಗದ್ದೆಯ ಮನೆಯಲ್ಲಿ ಬೆಳೆದವನು. ನಮ್ಮಲ್ಲಿ ಗಡಿಗೂಟ ಹುಣಿಯ, ಅಂದರೆ ಗದ್ದೆಬದುವಿನ, ತುತ್ತತುದಿಗೇ ಹೊಡೆಯುವುದು; ಒಂದು ಗೇಣು ಒಳಗೆ ಬಂದರೂ ಅಷ್ಟು ಜಾಗ ಬಿಟ್ಟುಕೊಟ್ಟ ಹಾಗೆ. ಅದೇ ಅಭ್ಯಾಸದಲ್ಲಿ ಇಪ್ಪತ್ತಾರು ಸಲಾಕೆಗಳನ್ನು ದಾರಿಯ ತುದಿಗೇ ಹೊಡೆದೆ. ಮಧ್ಯಾಹ್ನವೆಲ್ಲ ಅದಕ್ಕೇ ಹೋಯಿತು, ನೆಲ ಅಷ್ಟು ಗಟ್ಟಿ. ಕೆಲಸ ಮುಗಿದ ಮೇಲೆ ಫೋಟೋ ತೆಗೆಯುವುದು ನಮ್ಮ ವರ್ಕ್‌ಶಾಪಿನ ನಿಯಮ. ತೆಗೆದೆ. ಸುತ್ತಿಗೆಯನ್ನು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

ಸಂಜೆ ಆಲಿಕಲ್ಲು ಶುರುವಾಯಿತು. ನಾನು ಇಳಿದು ಹೋಗಲಾಗದೆ ಅಲ್ಲೇ ಉಳಿದೆ. ಬೆಳಿಗ್ಗೆ ಎದ್ದಾಗ ಮೀನಖಂಡದವರೆಗೆ ಬಿಳುಪು, ಮೇಲೆ ಮಂಜು. ಹತ್ತು ಹೆಜ್ಜೆ ಮುಂದಿನದು ಕಾಣದು. ಅಂದು ಉಮ್ಮಿಯ ಡಯಾಲಿಸಿಸ್ ದಿನ. ಹಿಂದಿನ ಸಲವೂ ಯಾವುದೋ ಕಾರಣಕ್ಕೆ ತಪ್ಪಿತ್ತು. ಅವರ ಮುಖ ಊದಿತ್ತು, ಉಸಿರು ಎಳೆಯುತ್ತಿತ್ತು. ಸಾಲಿಂ ನನ್ನ ಎರಡೂ ಕೈ ಹಿಡಿದು, "ಯಲ್ಲಾ, ಹೊರಡು, ನೀನು ಮುಂದೆ ಹೋಗು. ನಾನು ಉಮ್ಮಿಯನ್ನು ಕೂರಿಸಿಕೊಂಡು ನಿನ್ನ ಹಿಂದೆಯೇ ಬರುತ್ತೇನೆ" ಎಂದರು.

ನಾನು ಅದುವರೆಗೆ ಬ್ಲೇಡ್ ರಿಪೇರಿ ಮಾಡಿದ್ದೆನೇ ಹೊರತು ಓಡಿಸಿರಲಿಲ್ಲ. ಮುಂದಿನ ಚಕ್ರವನ್ನು ಕೆಂಪು ಪಟ್ಟಿಗೆ ತಾಗಿಸಿದಂತೆ ಇಟ್ಟುಕೊಂಡು ಹೊರಟೆ. ಒಂದು ಸಲಾಕೆ ದಾಟಿದ ಮೇಲೆ ಇನ್ನೊಂದು ಮಂಜಿನಿಂದ ಹೊರಬರುತ್ತಿತ್ತು. ಒಂದು ಮಾತ್ರ ವಿಚಿತ್ರವೆನಿಸಿತು: ಬ್ಲೇಡಿನ ಎಡತುದಿ ಮತ್ತೆ ಮತ್ತೆ ಬಂಡೆಗೆ ಉಜ್ಜುತ್ತಿತ್ತು. ದಾರಿ ಇಷ್ಟು ಕಿರಿದಿತ್ತೇ ಎಂದುಕೊಂಡೆ. ನಿಂತು ಯೋಚಿಸುವ ಹೊತ್ತಲ್ಲ. ಕನ್ನಡಿಯಲ್ಲಿ ಸಾಲಿಮರ ಗಾಡಿಯ ದೀಪ ಕಾಣುತ್ತಿತ್ತು, ಅಷ್ಟೇ ಧೈರ್ಯ. ಡಾಮರು ರಸ್ತೆ ಸಿಕ್ಕಿತು. ಗಾಡಿ ನನ್ನನ್ನು ದಾಟುವಾಗ ಉಮ್ಮಿ ಗಾಜಿನ ಹಿಂದೆ ಕೈ ಎತ್ತಿದರು.

ಮಂಜು ಬಿಟ್ಟ ಮೇಲೆ ನಡೆದು ವಾಪಸ್ಸು ಬಂದೆ. ಒಂದು ತಿರುವಿನಲ್ಲಿ ದಾರಿಯ ಹೊರ ಅಂಚು ಇರಲಿಲ್ಲ. ಅಂಚಿಗೆ ಆಸರೆಯಾಗಿ ಮಣ್ಣಿಲ್ಲದೆ ಕಟ್ಟಿದ ಕಲ್ಲಿನ ಗೋಡೆ ನೆನೆದು, ಹತ್ತು ಹೆಜ್ಜೆ ಉದ್ದಕ್ಕೆ ಜಾರಿ ಕೆಳಗೆ ಹೋಗಿತ್ತು. ನನ್ನ ಚಕ್ರದ ಗುರುತು ಆ ಕುಸಿತದ ಪಕ್ಕದಲ್ಲೇ ಹೋಗಿತ್ತು; ಸಲಾಕೆಗಳು ಕುಸಿತದ ಒಳಬದಿಗೆ ನೆಟ್ಟಗೆ ನಿಂತಿದ್ದವು. ನಾನು ಹೊಡೆದದ್ದು ಅಲ್ಲಿ ಅಲ್ಲ.

ತಿರುವು ಬಿಟ್ಟು ಉಳಿದೆಡೆ ಮಂಡಿಯೂರಿ ಕೈಯಿಂದ ಆಲಿಕಲ್ಲು ಬಾಚಿದೆ. ದಾರಿಯ ತುದಿಯಲ್ಲಿ ನಾನು ಹೊಡೆದ ತೂತುಗಳು ಹಾಗೇ ಇದ್ದವು, ಒಳಗೆ ಮಂಜುಗಡ್ಡೆ ತುಂಬಿಕೊಂಡು. ಪ್ರತಿ ಸಲಾಕೆಯೂ ತನ್ನ ತೂತಿನಿಂದ ಒಳಕ್ಕೆ ಬಂದಿತ್ತು. ಜೇಬಿನ ಅಳತೆ ಟೇಪು ಹಿಡಿದೆ. ಎಲ್ಲ ಕಡೆ ಒಂದು ಮೊಳ. ಸುತ್ತಿಗೆಯಿದ್ದ ಪೆಟ್ಟಿಗೆಯ ಬೀಗ ಹಾಕಿದ ಹಾಗೇ ಇತ್ತು. ಸಾಲಿಂ ವಾಪಸ್ಸು ಬಂದ ಮೇಲೆ, ರಾತ್ರಿ ಹೊರಗೆ ಹೋಗಿದ್ದಿರಾ ಎಂದು ಕೇಳಿದೆ. ಅವರು ರಾತ್ರಿಯೆಲ್ಲ ತಾಯಿಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿಕೊಂಡಿದ್ದರು. ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಿಂದಿನ ಸಂಜೆಯ ಫೋಟೋದಲ್ಲಿ ಸಲಾಕೆಗಳು ತುದಿಯಲ್ಲೇ ಇವೆ. ಅದು ಈಗಲೂ ನನ್ನ ಫೋನಿನಲ್ಲಿದೆ. ಇಷ್ಟು ನಾನು ಕಂಡದ್ದು.

ಇನ್ನು ಕೇಳಿದ್ದು. ಸಂಜೆ ಗಿರಿಜಕ್ಕನಿಗೆ ಫೋನ್ ಮಾಡಿದೆ, ಸುಂದರಣ್ಣನ ಧ್ವನಿಯಾದರೂ ಕೇಳೋಣವೆಂದು.

"ಮಲಗಿದ್ದಾರೆ" ಎಂದರು. "ನಿನ್ನೆ ನೀನು ಫೋನ್ ಮಾಡಿದ್ದೇ ಮಾಡಿದ್ದು, ಹಿತ್ತಿಲಿಗೆ ಹೋಗಿ ಕೂತರು ಮಾರಾಯ. ನಾನು ಅಲಸಂಡೆ ಬಳ್ಳಿಗೆ ನೆಟ್ಟ ಕೋಲು ಒಂದೊಂದೇ ಕಿತ್ತು, ಮೊಳಕೈ ಇಟ್ಟು ಅಳತೆ ಮಾಡಿ, ಒಳಗೆ ಒಳಗೆ ಊರಿದರು. ಕತ್ತಲಾದರೂ ಏಳಲಿಲ್ಲ. ಹೊರಗಿನ ಮಣ್ಣು ನಂಬಬಾರದು ಅಂತ ಹೇಳಿದರು. ಎಷ್ಟು ತಿಂಗಳ ಮೇಲೆ ಒಂದು ಪೂರ್ತಿ ಮಾತು! ನಾನು ಬಯ್ಯಲೋ ನಗಲೋ? ಅಂಗೈಯೆಲ್ಲ ಬೊಬ್ಬೆ."

ಎಷ್ಟು ಕೋಲು ಎಂದು ಕೇಳಿದೆ. ಎಣಿಸಲಿಲ್ಲ ಎಂದರು. ಇಲ್ಲಿಯದನ್ನು ಹೇಳದೆ ಫೋನ್ ಇಟ್ಟೆ.

ಇದಕ್ಕೆ ವಿವರಣೆ ಹುಡುಕಿದ್ದೇನೆ. ಹೆಪ್ಪುಗಟ್ಟಿದ ನೆಲ ಉಬ್ಬಿ ಸಲಾಕೆ ಸರಿಯಬಹುದೇ? ವಾಲಬಹುದು, ಕಿತ್ತು ಇನ್ನೊಂದು ಕಡೆ ನಿಲ್ಲಲಾರದು. ನಾನೇ ನಿದ್ದೆಗಣ್ಣಿನಲ್ಲಿ ಹೋದೆನೇ? ನನ್ನ ಬೂಟು ಬೆಳಿಗ್ಗೆ ಒಣಗಿತ್ತು. ಗಿರಿಜಕ್ಕ ಹೇಳಿದ್ದು ಬರೀ ಕಾಕತಾಳೀಯವಿರಬಹುದು, ಆದರೆ ಆ ತೂತುಗಳು? ನನಗೆ ತಿಳಿಯದು. ತಿಳಿದಂತೆ ನಟಿಸಲಾರೆ.

ಎರಡು ದಿನ ಬಿಟ್ಟು ಉಮ್ಮಿ ಚೇತರಿಸಿಕೊಂಡು ಮನೆಗೆ ಬಂದಾಗ, ಅವರೊಬ್ಬರಿಗೆ ಮಾತ್ರ ಎಲ್ಲವನ್ನೂ ಹೇಳಿದೆ, ನನ್ನ ಹರಕು ಅರಬ್ಬಿಯಲ್ಲಿ. ಅವರು ಅಚ್ಚರಿಪಡಲಿಲ್ಲ, ನಂಬಿದೆನೆಂದೂ ಹೇಳಲಿಲ್ಲ. ಇಷ್ಟೇ ಕೇಳಿದರು:

"ಸುಂದರ್ ಕೈಯ ಬೊಬ್ಬೆಗೆ ಏನಾದರೂ ಹಚ್ಚಿದರಂತೆಯೇ?"

ಅದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.